ಮುಳ್ಳು ಹಾಕಿದ ಮನೆಯ ಕಾವುಕೋಳಿ

ಊರಿನಲ್ಲಿ ನನ್ನ ಬಾಯಿಗೆ ಸಿಗದವರು ಯಾರೂ ಇರಲಿಲ್ಲ. ತುರುವೇಕೆರೆಯಿಂದ ದಬ್ಬೇಘಟ್ಟದ ಕಡೆಗೆ ಬರುವ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ‘ರೈಟ್’ ಅನ್ನುವುದು, ಕಾಲೇಜಿನ ಲೆಕ್ಚರರು ಪ್ರತಿ ವಾಕ್ಯಕ್ಕೂ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಸಿಟ್ಟು ಬಂದಾಗ ಅಪ್ಪ ಮೊದಲು ಟವೆಲ್ಲು ಒದರಿ ಆಮೇಲೆ ಬಾಯಿ ತೆರೆಯುವುದು, ಎಲ್ಲ ನನ್ನ ಹತ್ತಿರ ಇದ್ದವು. ನನ್ನನ್ನೂ ನಾನು ಬಿಡುತ್ತಿರಲಿಲ್ಲ. ಬೆಲ್ ಬಾಟಮ್ ಪ್ಯಾಂಟು ಹಾಕಿಕೊಂಡು ತೋಟದ ಬದುವಿನ ಮೇಲೆ ನಡೆದು, ಊರಿನ ಉತ್ತರಾಣಿ ಮುಳ್ಳನ್ನೆಲ್ಲ ಕಾಲಿಗೆ ಅಂಟಿಸಿಕೊಂಡು, ಹೀರೋ ಥರ ಬಸ್ಸು ಹತ್ತುವ ಪಿಯುಸಿ ಹುಡುಗನ ನಡಿಗೆಯನ್ನು ನನ್ನಷ್ಟು ಚೆನ್ನಾಗಿ ಯಾರೂ ಆಡಿ ತೋರಿಸುತ್ತಿರಲಿಲ್ಲ. ಯಾಕೆಂದರೆ ಆ ಹುಡುಗ ನಾನೇ.

ಎಲ್ಲರಿಗಿಂತ ಸುಲಭ ಅವ್ವ. ಸಂಜೆ ಹಿತ್ತಿಲಿನಲ್ಲಿ ನಿಂತು ಅವಳು ಕೋಳಿ ಕರೆಯುವುದನ್ನು ನಾನು ಅರಳಿಕಟ್ಟೆಯ ಮೇಲೆ ಮಾಡಿ ತೋರಿಸುತ್ತಿದ್ದೆ. ‘ಕ್ಕೊಕ್ಕೊಕ್ಕೋ ಬಾ’ ಎಂಬುದರ ಕೊನೆಯ ‘ಬಾ’ವನ್ನು ಉಸಿರು ಮುಗಿಯುವ ತನಕ ಎಳೆದು, ತುದಿಯಲ್ಲಿ ಒಂದು ಬಿಕ್ಕು ಸೇರಿಸುತ್ತಿದ್ದೆ. ಆ ಬಿಕ್ಕಿಗೆ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ದಿನ ಅವ್ವನ ಮುಂದೆಯೇ ಮಾಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

“ನಾನೆಲ್ ಹಂಗ್ ಕರೀತೀನ್ಲಾ? ಹಂಗ್ ಕರದ್ರೆ ಕೋಳಿ ಇರ್ಲಿ, ನಾಯೀನೂ ಬರಕಿಲ್ಲ.”

ಅವ್ವನ ಕೋಳಿಗಳು ಗಿಡ್ಡ ಜಾತಿಯವು. ಮೋಟು ಕಾಲು, ಒಂದು ಹಿಡಿ ಮೈ, ನಿಂಬೆಹಣ್ಣಿಗಿಂತ ತುಸು ದೊಡ್ಡ ಮೊಟ್ಟೆ. ಅವಳ ತವರು ಚಿಕ್ಕನಾಯಕನಹಳ್ಳಿ ಆಚೆಯ ಗುಡ್ಡದ ಸೀಮೆ. ಮದುವೆಯಾಗಿ ಬರುವಾಗ ಅಲ್ಲಿಂದ ಒಂದು ಹ್ಯಾಟೆಯನ್ನೂ ಒಂದು ಹುಂಜವನ್ನೂ ಮಂಕರಿಯಲ್ಲಿ ತಂದಿದ್ದಳಂತೆ. ಆ ಎರಡರ ಮಕ್ಕಳು ಮೊಮ್ಮಕ್ಕಳೇ ನಮ್ಮ ಹಿತ್ತಿಲು ಕೆರೆಯುತ್ತಿದ್ದವು. ಅಪ್ಪನಿಗೆ ಅವನ್ನು ಕಂಡರೆ ತಾತ್ಸಾರ. “ನಿಮ್ಮೂರಲ್ಲಿ ಕುರಿ ದೊಡ್ಡವು, ಕೋಳಿ ಯಾಕೆ ಹಿಂಗೆ? ಒಂದು ಮುದ್ದೆ ನುಂಗಕ್ಕೂ ಸಾಲಕಿಲ್ಲ,” ಅನ್ನುತ್ತಿದ್ದ. ಅವ್ವ ಇನ್ನೊಂದು ಹಿಡಿ ರಾಗಿ ಚೆಲ್ಲುತ್ತಿದ್ದಳು. ಅವಳ ತವರಿನಲ್ಲಿ ಆ ಹೊತ್ತಿಗೆ ಯಾರೂ ಉಳಿದಿರಲಿಲ್ಲ. ಉಳಿದದ್ದು ಈ ಕೋಳಿಗಳೇ.

ಆ ವರ್ಷ ಸುಗ್ಗಿಗೆ ಮುಂಚೆ ಊರಿಗೆಲ್ಲ ಕೋಳಿರೋಗ ಬಂತು. ಬೆಳಿಗ್ಗೆ ಕತ್ತು ತಿರುಚಿಕೊಂಡು ನಿಂತದ್ದು ಸಂಜೆಗೆ ಇಲ್ಲ. ನಮ್ಮ ಹಿತ್ತಿಲಿನಲ್ಲಿ ಬೇರೆ ಜಾತಿಯವು ಕೆಲವು ಬದುಕಿದವು. ಗಿಡ್ಡ ಜಾತಿಯಲ್ಲಿ ಉಳಿದದ್ದು ಒಂದು ಹ್ಯಾಟೆ, ಒಂದು ಹುಂಜ. ಹ್ಯಾಟೆ ಮೊಟ್ಟೆಗೆ ಬಂತು. ಅದು ಇನ್ನೂ ಮೊಟ್ಟೆ ಇಡುತ್ತಿರುವಾಗಲೇ ಹುಂಜವನ್ನು ಮುಂಗುಸಿ ಬೇಲಿಯೊಳಗೆ ಎಳೆದುಕೊಂಡು ಹೋಯಿತು. ಅಂದರೆ ಅವ್ವ ರಾಗಿಯ ಮಡಕೆಯಲ್ಲಿ ಹೂತಿಟ್ಟಿದ್ದ ಆ ಮೊಟ್ಟೆಗಳೇ ಕೊನೆ. ಅವು ಮರಿಯಾದರೆ ಅವ್ವನ ತವರಿನ ಕೋಳಿ ಉಳಿಯಿತು. ಇಲ್ಲವಾದರೆ ಅಲ್ಲಿಗೆ ಮುಗಿಯಿತು.

ಆದರೆ ಉಳಿದ ಆ ಹ್ಯಾಟೆಗೆ, ನಮ್ಮ ಗಿಡ್ಡಿಗೆ, ಕಾವು ಕೂರುವ ಮನಸ್ಸೇ ಇರಲಿಲ್ಲ. ಮೊಟ್ಟೆ ಇಟ್ಟು, ಊರಿಗೆಲ್ಲ ಕೇಳುವಂತೆ ಕೇಕೆ ಹಾಕಿ, ತಿಪ್ಪೆಯ ಕಡೆಗೆ ಓಡಿಬಿಡುತ್ತಿತ್ತು. ಬೇರೆ ಕೋಳಿಯ ಕೆಳಗೆ ಇಡೋಣವೆಂದರೆ ಕಾವಿಗೆ ಬಂದದ್ದು ಆಗ ಇನ್ನೊಂದಿಲ್ಲ. ಅವ್ವ ಗಿಡ್ಡಿಗೆ ಆಸೆ ಹುಟ್ಟಿಸಲು ಕೂತಳು.

ಮೊದಲು ಜಾಗ. ಅಡಿಗೆಮನೆಯಲ್ಲಿ ಒಲೆಯ ಹಿಂದೆ ಸೌದೆ ಒಟ್ಟುವ ಮೂಲೆ; ಬೆಚ್ಚಗೆ, ಕತ್ತಲು, ಯಾರೂ ಕಾಲಿಡದ ಕಡೆ. ಅಲ್ಲಿ ಒಂದು ಹಳೆಯ ಮಂಕರಿ ಇಟ್ಟು, ತಳಕ್ಕೆ ಬೂದಿ, ಅದರ ಮೇಲೆ ಹೊಸ ರಾಗಿಹುಲ್ಲು, ಹೇನು ಹತ್ತದಂತೆ ಒಂದು ಹಿಡಿ ಬೇವಿನಸೊಪ್ಪು ಹಾಸಿದಳು. ಆಮೇಲೆ ತೋಟಕ್ಕೆ ಹೋಗಿ ತೆಂಗಿನ ಮರದ ಬುಡದಲ್ಲಿ ಉದುರಿದ್ದ ಹರಳು, ಅಂದರೆ ಕಾಯಿಯಾಗುವ ಮೊದಲೇ ಬಿದ್ದುಹೋದ ಎಳೆಯ ಗುಂಡುಗಳನ್ನು, ಮಡಿಲಲ್ಲಿ ಆರಿಸಿ ತಂದು, ತೊಟ್ಟು ಕಿತ್ತು, ಸುಣ್ಣದಲ್ಲಿ ಅದ್ದಿ ಒಣಗಿಸಿದಳು. ನಿಜವಾದ ಮೊಟ್ಟೆ ಇಟ್ಟು ಕಾದರೆ ಕೆಡುತ್ತದೆ. ಕೋಳಿಯ ಮನಸ್ಸು ತಿರುಗುವವರೆಗೆ ಮಂಕರಿಯಲ್ಲಿ ಈ ಹರಳೇ ಮೊಟ್ಟೆ.

“ಹರಳು ತೋರ್ಸಿ ಕೋಳಿಗೆ ಟೋಪಿ ಹಾಕ್ತೀಯಲ್ಲವ್ವ. ನಾಳೆ ತೆಂಗಿನ ಸಸಿ ಹುಟ್ಟಿದ್ರೆ?” ಅಂದೆ.

“ನಿಂಗೂ ಹಿಂಗೇ ಟೋಪಿ ಹಾಕಿ ಇಸ್ಕೂಲಿಗೆ ಕಳ್ಸಿದ್ದು ಕಣ್ಲಾ. ಇನ್ನೂ ಏನೂ ಹುಟ್ಟಿಲ್ಲ ಅಷ್ಟೆ.”

ದಿನಾ ಬಿಸಿಲೇರುವ ಮೊದಲು ಗಿಡ್ಡಿಗೆ ಬೇರೆಯಾಗಿ ನೆನೆಸಿದ ರಾಗಿ, ಚೂರು ಕೊಬ್ಬರಿ. ಅದನ್ನು ಮಂಕರಿಯ ಹತ್ತಿರವೇ ಹಾಕಿ, ತಿಂದಾದ ಮೇಲೆ ಎರಡು ಕೈಯಲ್ಲಿ ಎತ್ತಿ ಹರಳಿನ ಮೇಲೆ ಕೂರಿಸಿ, ಮೇಲೊಂದು ಮಂಕರಿ ಕವುಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯುವಳು. ಕೋಳಿ ಪುಸುಕ್ಕನೆ ಓಡಿಹೋಗುವುದು. ಮರುದಿನ ಮತ್ತೆ ಅದೇ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಂಕರಿ ತೆಗೆದರೂ ಗಿಡ್ಡಿ ಏಳಲಿಲ್ಲ. ಮೈಯುಬ್ಬಿಸಿಕೊಂಡು, ಅವ್ವನ ಕೈಗೆ ಕುಟುಕಿ, ಗಂಟಲೊಳಗೇ ಕುರುಗುಟ್ಟಿತು. ಕುಟುಕಿಸಿಕೊಂಡ ಕೈಯನ್ನು ನಮಗೆಲ್ಲ ತೋರಿಸಿಕೊಂಡು ಓಡಾಡಿದಳು ಅವ್ವ, ಬಳೆ ತೊಡಿಸಿಕೊಂಡು ಬಂದವಳ ಹಾಗೆ.

ಅಂದು ಸಂಜೆ ಊಟ ಮುಗಿಸಿಯೇ ಮೊಟ್ಟೆ ಇಟ್ಟಳು. ಹಸಿದ ಕೈಯಲ್ಲಿ ಇಟ್ಟರೆ ಮರಿ ಹಸಿದೇ ಹುಟ್ಟುತ್ತವೆ ಎಂಬುದು ಅವಳ ನಂಬಿಕೆ. ಇಡುವಾಗ ಮಾತಾಡಕೂಡದು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಂಡಕ್ಟರನ ದನಿಯಲ್ಲಿ “ಒಳಗ್ ಹೋಗಿ, ಒಳಗ್ ಹೋಗಿ, ಸೀಟ್ ಐತೆ” ಎಂದು ಪ್ರತಿ ಮೊಟ್ಟೆಗೂ ಹೇಳಿದೆ. ಅವ್ವ ತುಟಿ ಕಚ್ಚಿಕೊಂಡಳು. ಹೆಗಲು ಕುಣಿಯುತ್ತಿತ್ತು, ದನಿ ಬರಲಿಲ್ಲ. ಕೊನೆಯ ಮೊಟ್ಟೆ ಗಿಡ್ಡಿಯ ಹೊಟ್ಟೆಯಡಿ ಸೇರಿದ ಮೇಲೆ ನನ್ನ ತಲೆಗೊಂದು ಕುಟ್ಟಿ ಎದ್ದು ಹೋದಳು.

ಮರಿಗೆ ಇನ್ನೂ ವಾರವೋ ಏನೋ ಇತ್ತು. ಒಂದು ಬೆಳಿಗ್ಗೆ ಹಾಲು ಕರೆದು ಒಳಗೆ ಬಂದ ಅವ್ವ ಚೊಂಬು ಕೆಳಗಿಟ್ಟು ಎದೆ ನೋವು ಅಂದಳು. ಗೋಡೆಗೆ ಒರಗಿದಳು. ಅಪ್ಪ ಗಾಡಿ ಹೂಡಲು ಓಡಿದ. ಎತ್ತಿನ ಕೊರಳಿಗೆ ನೊಗ ಬೀಳುವ ಹೊತ್ತಿಗೆ ಗಾಡಿ ಬೇಕಾಗಿರಲಿಲ್ಲ.

ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಬಂದ ಮೇಲೆ ಜೋಯಿಸರನ್ನು ಕೇಳಿದರು. ಅವರು ಪಂಚಾಂಗ ಮಡಿಸಿ, ನಕ್ಷತ್ರ ಒಳ್ಳೆಯದಲ್ಲ, ಮನೆ ಬಿಡಬೇಕು ಅಂದರು. ಹಾಗೆ ಹೇಳಿದರೆ ನಮ್ಮ ಕಡೆ ಎರಡನೆಯ ಮಾತಿಲ್ಲ. ಮೂರು ತಿಂಗಳು ಮನೆಯಲ್ಲಿ ಒಲೆ ಉರಿಯಬಾರದು, ದೀಪ ಹಚ್ಚಬಾರದು, ಉಸಿರಾಡುವ ಯಾವುದೂ ಒಳಗಿರಬಾರದು. ಬಾಗಿಲು ಮುಚ್ಚಿ ಅಡ್ಡಕ್ಕೆ ಮುಳ್ಳು ಹಾಕಬೇಕು. ಅಟ್ಟದ ಮೇಲೆ ಕೊಬ್ಬರಿಗೆಂದು ಬಿಟ್ಟಿದ್ದ ಕಾಯಿ ಹಾಗೇ ಇರಲಿ, ಅದಕ್ಕೆ ಉಸಿರಿಲ್ಲ. ದನ, ಕರು, ಪಾತ್ರೆ, ಹಾಸಿಗೆ ತೋಟದಲ್ಲಿ ಕಾಯಿ ಸುಲಿಯುವ ಶೆಡ್ಡಿಗೆ ಹೋದವು. ಜೋಯಿಸರ ದನಿಯೂ ನನಗೆ ಬರುತ್ತಿತ್ತು. ಅಂದು ಬಾಯಿಗೆ ಬರಲಿಲ್ಲ.

ಕೊನೆಗೆ ಒಲೆಯ ಹಿಂದಿನ ಗಿಡ್ಡಿ ಉಳಿಯಿತು. ಅವ್ವ ಸತ್ತ ಗಲಾಟೆಯಲ್ಲಿ, ಅಷ್ಟು ಜನರ ಅಳುವಿನಲ್ಲಿ, ಅದು ಕದಲದೆ ಕೂತಿತ್ತು.

ದೊಡ್ಡವ್ವ, ಅಂದರೆ ಪಕ್ಕದ ಮನೆಯಲ್ಲಿದ್ದ ದೊಡ್ಡಪ್ಪನ ಹೆಂಡತಿ, ಮೂಗಿನ ಮೇಲೆ ಬೆರಳಿಟ್ಟಳು. “ಕಾವು ಕುಂತ ಕೋಳಿ ಎತ್ತಬಾರ್ದು ಕಣಪ್ಪ. ಮೊಟ್ಟೆ ಕಲಕೋಯ್ತವೆ. ಎತ್ತದೆ ಬುಡಕ್ಕೂ ಆಗಕಿಲ್ಲ. ಹೋದ್ರೋಯ್ತು ಬುಡು, ಕೋಳಿ ತಾನೆ.”

“ಮರಿ ಆಗ್ಲೇಬೇಕು ಅತ್ತಿಗೆ,” ಅಂದ ಅಪ್ಪ.

ಗಿಡ್ಡ ಕೋಳಿಯನ್ನು ಆಡಿಕೊಳ್ಳುತ್ತಿದ್ದ ಅಪ್ಪನ ಬಾಯಿಂದ ಆ ಮಾತು ಕೇಳಿ ದೊಡ್ಡವ್ವ ನನ್ನ ಕಡೆ ನೋಡಿದಳು. ಅಪ್ಪ ಟವೆಲ್ಲನ್ನು ಸಿಂಬಿ ಮಾಡಿ ತಲೆಗಿಟ್ಟು, ಕೋಳಿಯಿದ್ದ ಮಂಕರಿಯ ಮೇಲೆ ಇನ್ನೊಂದು ಕವುಚಿ, ಅದನ್ನು ತಾನೇ ಹೊತ್ತ. ಬದುವಿನ ಮೇಲೆ ಒಂದೊಂದೇ ಹೆಜ್ಜೆ. ಎದುರಿಗೆ ಬಂದವರು ದಾರಿ ಬಿಟ್ಟು ಗದ್ದೆಗೆ ಇಳಿದು ನಿಂತರು. ಅಪ್ಪ ಮಂಕರಿ ಹೊತ್ತು ನಡೆದ ಆ ನಡಿಗೆಯನ್ನು ನಾನು ಇವತ್ತಿನವರೆಗೂ ಯಾರಿಗೂ ಮಾಡಿ ತೋರಿಸಿಲ್ಲ.

ಶೆಡ್ಡಿನಲ್ಲಿ ಗಿಡ್ಡಿ ಆ ಸಂಜೆ ಸುಮ್ಮನೆ ಕೂತಿತ್ತು. ಮಾರನೆಯ ಬೆಳಿಗ್ಗೆ ಮೇವಿಗೆಂದು ಮಂಕರಿ ತೆಗೆದದ್ದೇ ತಡ, ರಾಗಿಯ ಕಡೆ ನೋಡದೆ, ರೆಕ್ಕೆ ಬಡಿದು, ತೋಟ ದಾಟಿ ನೇರ ಮನೆಯ ಕಡೆಗೆ ಓಡಿತು. ಬಾಗಿಲಿಗೆ ಅಡ್ಡ ಹಾಕಿದ್ದ ಜಾಲಿಮುಳ್ಳಿನ ಮುಂದೆ ಅತ್ತ ಇತ್ತ ಓಡಾಡುತ್ತ, ನಿಂತು ನಿಂತು ಕೂಗುತ್ತಿತ್ತು. ನಾವಿಬ್ಬರೂ ಹಿಂದೆ ಓಡಿ ಬಂದೆವು. ಹಿಡಿಯಲು ಹೋದರೆ ಬೇಲಿಯ ಮೇಲೆ. ಅಲ್ಲಿಂದ ಓಡಿಸಿದರೆ ಮತ್ತೆ ಬಾಗಿಲಿಗೆ. ಶೆಡ್ಡಿನಲ್ಲಿ ಮೊಟ್ಟೆಗಳು ಗಾಳಿಗೆ ಬಿದ್ದಿದ್ದವು. ಅಪ್ಪ ಮತ್ತೆ ಶೆಡ್ಡಿಗೆ ಓಡಿ, ಅವಕ್ಕೆ ತನ್ನ ಕಂಬಳಿ ಹೊದಿಸಿ ಬಂದು ಏದುಸಿರು ಬಿಡುತ್ತ ನಿಂತ.

“ಕರೀಲಾ,” ಅಂದ.

“ಏನಂತ?”

“ನಿಮ್ಮವ್ವ ಕರ್ದಂಗೆ. ಅರಳಿಕಟ್ಟೆ ಮೇಲೆ ಕರೀತೀಯಲ್ಲ, ಊರೆಲ್ಲ ನಗಂಗೆ. ಅವಳ ದನಿ ಕೇಳಿದ್ರೆ ಬತ್ತದೆ. ಕರೀ.”

 ಬಾಯಿಗೆ ಕೈ ಅಡ್ಡ ಹಿಡಿದು ಕರೆದೆ. “ಕ್ಕೊಕ್ಕೊಕ್ಕೋ ಬಾ...” ‘ಬಾ’ ತಾನಾಗಿಯೇ ಉದ್ದವಾಯಿತು. ತುದಿಯಲ್ಲಿ ಬಿಕ್ಕು ತಾನಾಗಿಯೇ ಬಂತು. ಮುಳ್ಳು ಹಾಕಿದ ಬಾಗಿಲ ಮುಂದೆ ಅದು ಎಷ್ಟು ಹೊಲಸಾಗಿ ಕೇಳಿಸಿತೆಂದರೆ ಗಿಡ್ಡಿ ಗಾಬರಿ ಬಿದ್ದು ಇನ್ನೂ ದೂರ ಹಾರಿತು.

“ಅದಲ್ಲ,” ಅಂದ ಅಪ್ಪ. “ಅದು ನೀನ್ ಮಾಡೋದು. ಅವಳದು ಕರೀ.”

ಬಿಕ್ಕು ತೆಗೆದು ಕರೆದೆ. ಎಳೆತ ಉಳಿಯಿತು. ಎಳೆತ ಕಡಿಮೆ ಮಾಡಿದೆ. ಆಗ ಮೂಗಿನಲ್ಲಿ ಬಂತು. ಮೂಗು ಬಿಟ್ಟರೆ ಅದು ಯಾರದೋ ಹೆಂಗಸಿನ ದನಿ, ಸಂತೆಯಲ್ಲಿ ಬದನೆಕಾಯಿ ಮಾರುವವಳದು. ಹೇಗೆ ಹೊರಳಿಸಿದರೂ ಒಂದಲ್ಲ ಒಂದು ಅಣಕ. ನನ್ನ ಹತ್ತಿರ ಇದ್ದದ್ದು ನಗಿಸುವುದಕ್ಕೆಂದು ನಾನು ಕೆತ್ತಿಕೊಂಡ ಅವ್ವ. ಅವಳನ್ನು ಅಷ್ಟು ಸಲ ಕೂಗಿ ಕೂಗಿ, ನಿಜವಾದವಳ ದನಿ ಅದರಡಿ ಎಲ್ಲಿ ಹೋಯಿತೋ ನನಗೇ ತಿಳಿಯಲಿಲ್ಲ. ಇನ್ನೂ ಒಂದು ವಿಷಯವಿತ್ತು. ಹಿತ್ತಿಲಿನಲ್ಲಿ ನಿಂತು ಎಲ್ಲ ಕೋಳಿಗಳನ್ನು ಕರೆಯುವ ಕೂಗು ಬೇರೆ. ಒಲೆಯ ಹಿಂದೆ ಬಗ್ಗಿ ಕೂತು ಕಾವಿನ ಕೋಳಿಯೊಂದಿಗೆ ಅವಳು ಆಡುತ್ತಿದ್ದ ಮಾತು ಬೇರೆ. ಅದು ಮೆಲ್ಲಗೆ, ಗಂಟಲೊಳಗೇ ಇತ್ತು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲವಾದ್ದರಿಂದ ನಾನು ಅದಕ್ಕೆ ಕಿವಿಯನ್ನೇ ಕೊಟ್ಟಿರಲಿಲ್ಲ.

“ಒಳಗ್ ಕುಂತು ಗಿಡ್ಡಿಗೆ ಏನಂತಿದ್ಲಪ್ಪ?” ಅಂದೆ.

ಅಪ್ಪ ಬಾಯಿ ತೆರೆದ. ತುಟಿ ಏನನ್ನೋ ಹುಡುಕಿತು. “ಬಾರವ್ವ... ಬಾರೇ...” ಅಂದು ನಿಲ್ಲಿಸಿದ. ತಲೆಯಾಡಿಸಿದ. “ದಿನಾ ಅಂತಿದ್ಲು ಕಣ್ಲಾ. ನಾನಲ್ಲೇ ಮುದ್ದೆ ಉಣ್ತಾ ಕುಂತಿರ್ತಿದ್ದೆ.”



ಅಷ್ಟರಲ್ಲಿ ಗಿಡ್ಡಿ ಕೊಟ್ಟಿಗೆಯ ಮಾಡಿನ ಮೇಲಕ್ಕೆ ಹಾರಿ, ಅಲ್ಲಿಂದ ಸೂರಿನ ಸಂದಿಗೆ ನುಸುಳಿ ಮನೆಯೊಳಗೆ ಇಳಿದುಬಿಟ್ಟಿತು. ಗೋಡೆಗೆ ಕಿವಿಯಿಟ್ಟೆ. ಅಡಿಗೆಮನೆಯಿಂದ ಅದೇ ಕುರುಗುಟ್ಟುವಿಕೆ. ಮೊಟ್ಟೆಗಳು ಹೊರಗೆ, ಕೋಳಿ ಒಳಗೆ.

“ಮುಳ್ಳು ತೆಗೀತೀನಿ,” ಅಂತ ಅಪ್ಪ ಮುಂದಾದ. ಸದ್ದಿಗೆ ಹೊರಬಂದ ದೊಡ್ಡವ್ವ ಅಡ್ಡ ನಿಂತಳು. “ಬೇಡ ಕಣಪ್ಪ. ಒಬ್ಳನ್ ಕಳಕೊಂಡಿದ್ದು ಸಾಕು. ಈ ಹುಡುಗನ ಮೇಲೆ ಕೈ ಇಟ್ಟು ಹೇಳು, ಬಾಗ್ಲು ತೆಗೀತೀನಿ ಅಂತ.”

ಅಪ್ಪ ನನ್ನ ಕಡೆ ನೋಡಿದ. ಮುಳ್ಳು ಬಿಟ್ಟ. ಸ್ವಲ್ಪ ಹೊತ್ತು ಟವೆಲ್ಲು ಒದರುತ್ತ ನಿಂತಿದ್ದು, ಆಮೇಲೆ ತಲೆಯೆತ್ತಿ ಮಾಡು ನೋಡಿದ.

“ಬಾಗ್ಲು ತೆಗೀಬ್ಯಾಡ ಅಂದವ್ರೆ. ಹೆಂಚು ತೆಗೀಬ್ಯಾಡ ಅಂದಿಲ್ಲವಲ್ಲ?”

ದೊಡ್ಡವ್ವ ಅದಕ್ಕೆ ತಕ್ಕ ಉತ್ತರ ಹುಡುಕುವಷ್ಟರಲ್ಲಿ ಏಣಿ ಬಂದಿತ್ತು. ಅಪ್ಪನ ತೂಕಕ್ಕೆ ಮಾಡು ತಡೆಯುತ್ತಿರಲಿಲ್ಲ; ನಾನು ಹತ್ತಿದೆ. ಜೀವಮಾನದಲ್ಲಿ ಒಂದು ತೆಂಗಿನ ಮರ ಹತ್ತದವನು ಅಂದು ಬೆಲ್ ಬಾಟಮ್ಮು ಮೊಣಕಾಲಿಗೆ ಮಡಚಿ ಮಾಡಿನ ಮೇಲೆ ಹಲ್ಲಿಯಂತೆ ತೆವಳಿದೆ. ಅಡಿಗೆಮನೆಯ ನೇರಕ್ಕೆ ಹೆಂಚು ಸರಿಸಿದಾಗ ಬಿಸಿಲಿನ ಒಂದು ಕೋಲು ಕೆಳಗೆ ಇಳಿಯಿತು. ನಮ್ಮ ಮನೆಯನ್ನು ಮೇಲಿನಿಂದ ನಾನು ಯಾವತ್ತೂ ನೋಡಿರಲಿಲ್ಲ. ಆರಿದ ಒಲೆ. ಅವ್ವ ಒರಗಿದ್ದ ಗೋಡೆ. ಅವಳು ಹಾಲಿನ ಚೊಂಬು ಇಟ್ಟ ಜಾಗದಲ್ಲಿ ನೆಲದ ಮೇಲೆ ಹಾಲಿನ ಕಲೆ, ಬಿಳಿಯ ಬಳೆಯಂತೆ ಒಣಗಿತ್ತು. ಸೌದೆ ಮೂಲೆಯಲ್ಲಿ, ಬರಿಯ ನೆಲದ ಮೇಲೆ, ಕೆಳಗೆ ಏನೂ ಇಲ್ಲದೆ, ಗಿಡ್ಡಿ ರೆಕ್ಕೆ ಅಗಲಿಸಿಕೊಂಡು ಕಾವು ಕೂತಿತ್ತು.

“ಏನ್ ಕಾಣ್ತೈತ್ಲಾ?” ಕೆಳಗಿನಿಂದ ಅಪ್ಪ.

“ಕೋಳಿ,” ಅಂದೆ. ಬೇರೆ ಏನು ಹೇಳಲಿ.

ಶೆಡ್ಡಿನಿಂದ ತಂದ ಮಂಕರಿಯ ಕಿವಿಗಳಿಗೆ ಹಗ್ಗ ಕಟ್ಟಿ, ಮೊಟ್ಟೆ ಸಮೇತ ನಿಧಾನಕ್ಕೆ ಇಳಿಬಿಟ್ಟೆವು. ಮಂಕರಿ ನೆಲ ಮುಟ್ಟಿದ್ದೇ ಗಿಡ್ಡಿ ಎದ್ದು, ಕತ್ತು ಓರೆ ಮಾಡಿ ನೋಡಿ, ಒಳಗೆ ಹತ್ತಿ ಕೊಕ್ಕಿನಿಂದ ಮೊಟ್ಟೆಗಳನ್ನು ಒಂದೊಂದಾಗಿ ಹೊಟ್ಟೆಯಡಿಗೆ ಎಳೆದುಕೊಂಡಿತು. ಯಾರ ದನಿಯೂ ಅದಕ್ಕೆ ಬೇಕಾಗಲಿಲ್ಲ. ಆದರೆ ಮೊಟ್ಟೆಗಳು ಬೆಳಗಿನಿಂದ ಮಧ್ಯಾಹ್ನದವರೆಗೆ ಬರಿಯ ಕಂಬಳಿಯೊಳಗೆ ಇದ್ದವು. ಅದು ಮೂವರಿಗೂ ಗೊತ್ತಿತ್ತು.

ಆಮೇಲಿನ ದಿನಗಳಲ್ಲಿ ನನ್ನ ಕೆಲಸ ಬೆಳಿಗ್ಗೆ ಮಾಡು ಹತ್ತಿ ರಾಗಿ ಉದುರಿಸಿ, ಮಡಕೆಯಲ್ಲಿ ನೀರು ಇಳಿಬಿಟ್ಟು, ಹೆಂಚು ಮುಚ್ಚಿ ಬರುವುದು. ಅಪ್ಪನ ಕೆಲಸ ಸಂಜೆ ಅಡಿಗೆಮನೆಯ ಹೊರಗೋಡೆಗೆ ಬೆನ್ನು ಕೊಟ್ಟು ಕೂರುವುದು. ತೋಟಕ್ಕೆ ನೀರು ಕಟ್ಟುವುದನ್ನೂ ಬಿಟ್ಟು ಬಂದು ಕೂರುತ್ತಿದ್ದ. ಮರಿಯಾಗಬೇಕಾದ ದಿನ ನಾನೂ ಕೂತೆ. ಒಳಗೆ ಗಿಡ್ಡಿ ಕುರುಗುಟ್ಟುತ್ತಿತ್ತು. ಚಿಂವ್ ಎಂಬುದು ಕೇಳಲಿಲ್ಲ. ಮಾರನೆಯ ದಿನವೂ ಇಲ್ಲ. ದೊಡ್ಡವ್ವ ಬೇಲಿಯಾಚೆಯಿಂದ ಕತ್ತು ಚಾಚಿ ಕೇಳುವಳು, “ಏನಾರ ಸದ್ದು ಐತಾ?” ಅಪ್ಪ, “ತಡ ಆಯ್ತದೆ ಅತ್ತಿಗೆ, ತಣ್ಣಗಾಗಿದ್ವಲ್ಲ,” ಅನ್ನುವನು.

ಅದರ ಮಾರನೆಯ ಸಂಜೆ ಗಿಡ್ಡಿ ಸೂರಿನ ಸಂದಿಯಿಂದ ತಾನೇ ಹೊರಗೆ ಬಂತು. ಜುಟ್ಟು ಬಿಳಿಚಿ, ಎದೆಯ ಪುಕ್ಕ ಉದುರಿ, ಹಿಡಿಯಿದ್ದದ್ದು ಅರ್ಧ ಹಿಡಿಯಾಗಿತ್ತು. ಬೇಲಿಯ ಪಕ್ಕ ದೊಡ್ಡವ್ವ ತನ್ನ ದನಕ್ಕಿಟ್ಟಿದ್ದ ನೀರನ್ನು ತಲೆಯೆತ್ತಿ ತಲೆಯೆತ್ತಿ ಕುಡಿಯಿತು. ಮಣ್ಣಿನಲ್ಲಿ ಹೊರಳಿ ಮೈ ಕೊಡವಿಕೊಂಡು ಬೇರೆ ಕೋಳಿಗಳ ಜೊತೆ ತಿಪ್ಪೆಗೆ ಹೋಯಿತು. ಹಿಂದಿರುಗಿ ನೋಡಲಿಲ್ಲ.

“ಮುಗೀತು ಬುಡಪ್ಪ. ಕೋಳಿಗೆ ಗೊತ್ತಾಯ್ತದೆ,” ಅಂದಳು ದೊಡ್ಡವ್ವ.

ಅಪ್ಪ ಎದ್ದು, ಕುಂಡಿಯ ಮಣ್ಣು ಕೊಡವಿಕೊಂಡು ಶೆಡ್ಡಿಗೆ ಹೋದ. ನಾನು ಮತ್ತೆ ಮಾಡು ಹತ್ತಲಿಲ್ಲ.

ಮೂರು ತಿಂಗಳಾದ ಮೇಲೆ ಶಾಂತಿ ಮಾಡಿಸಿ, ಗಂಜಲ ಚಿಮುಕಿಸಿ, ಮುಳ್ಳು ಎಳೆದು ಬಾಗಿಲು ತೆಗೆದರು. ಒಳಗೆ ಧೂಳಿನ ವಾಸನೆ, ಕಾಯಿಯ ವಾಸನೆ. ಅಪ್ಪ ದೇವರಮೂಲೆಗೂ ಹೋಗದೆ ನೇರ ಅಡಿಗೆಮನೆಗೆ ಹೋದ. ನಾನು ಹಿಂದೆ.

ಮಂಕರಿಯಲ್ಲಿ ಮೊಟ್ಟೆಗಳು ಗಿಡ್ಡಿ ಬಿಟ್ಟು ಹೋದ ಹಾಗೇ ಇದ್ದವು. ಒಂದನ್ನು ಬಿಟ್ಟು ಎಲ್ಲ ಇಡಿಯವು. ಆ ಒಂದರ ದಪ್ಪ ತುದಿಯಲ್ಲಿ ಕಡಲೆಕಾಳಿನಷ್ಟು ತೂತು. ಒಳಗಿನಿಂದ ಒಡೆದದ್ದು. ತೂತಿನಲ್ಲಿ ಒಣಗಿದ ಒಂದು ಕೊಕ್ಕಿನ ತುದಿ.

ಅಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. “ಒಂದು ಬಂದಿತ್ತು ಕಣ್ಲಾ,” ಅಂದ.

“ಹೂಂ.”

“ಕೂಗಿರ್ತದಾ?”

ನಾನು ಸುಳ್ಳು ಹೇಳಬಹುದಿತ್ತು. “ಕೂಗಿರ್ತದೆ ಅಪ್ಪ. ಮೊಟ್ಟೆ ಒಡಿಯೋವಾಗ ಕೂಗ್ತವೆ.”

“ಕೋಳಿ ಎದ್ದು ಬಂದ್ಮೇಲೆ.”

“ಹೂಂ. ನಾವೂ ಎದ್ ಹೋದ್ಮೇಲೆ.”

ಹೊರಗಿನಿಂದ ದೊಡ್ಡವ್ವ ಕೂಗಿದಳು. “ಆ ಕೊಳೆ ಮೊಟ್ಟೆ ಮೊದ್ಲು ಆಚಿಗ್ ಎಸೀರಿ ಕಣ್ರಪ್ಪ. ಒಡದ್ರೆ ಮನೆಯೆಲ್ಲ ನಾರ್ತದೆ, ಇವತ್ತೇ ಒಲೆ ಹಚ್ಚಬೇಕು.”

“ಬಂದೆ ಅತ್ತಿಗೆ,” ಅಂದ ಅಪ್ಪ. ಆದರೆ ಏಳಲಿಲ್ಲ. ತೂತಿನ ಮೊಟ್ಟೆಯನ್ನು ಅಂಗೈಗೆ ತೆಗೆದುಕೊಂಡು ಕಿವಿಯ ಹತ್ತಿರಕ್ಕೆ ಎತ್ತಿದ. ಅಟ್ಟದಿಂದ ಇಳಿಸಿದ ಕಾಯನ್ನೆಲ್ಲ ಹಾಗೆ ಕಿವಿಯ ಪಕ್ಕ ಹಿಡಿದು, ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಕೇಳಿ ಕೇಳಿ ಅಭ್ಯಾಸವಾದ ಕೈ ಅದು. ಕಿವಿಯ ತನಕ ಹೋದ ಕೈ ಅಲ್ಲೇ ನಿಂತಿತು. ಅಲ್ಲಾಡಿಸಲಿಲ್ಲ.